ಏರ್‌ಸಾಫ್ಟ್ ಪಿಸ್ತೂಲಿಗೆ ಗೇಮಿನ ವೇಷ ಹಾಕಿದ ಮೇಲೆ: ದೋಷ ನಿವಾರಣೆ ಕೈಪಿಡಿ

ಫಾಲ್‌ಔಟ್ 4 ಆಡಿದವರಿಗೆ ಅದರ 10 ಎಂಎಂ ಪಿಸ್ತೂಲು ಚೆನ್ನಾಗಿ ನೆನಪಿರುತ್ತದೆ. 2015ರ ನವೆಂಬರ್ 10ರಂದು ಬಿಡುಗಡೆಯಾದ ಈ ವಿಡಿಯೊ ಗೇಮಿನ ಕಥೆ ನಡೆಯುವುದು ಅಣುಯುದ್ಧದಿಂದ ಪಾಳುಬಿದ್ದ ಬಾಸ್ಟನ್ ನಗರದಲ್ಲಿ, 2287ರಲ್ಲಿ. ವಾಲ್ಟ್ 111 ಎಂಬ ನೆಲಮಾಳಿಗೆಯಿಂದ ಹೊರಬೀಳುವ ಮೊದಲೇ ಆಟಗಾರನಿಗೆ ಸಿಗುವ ಬಂದೂಕು ಇದು. ದಪ್ಪ ಮೈ, ಡಬ್ಬಿಯಂಥ ಸ್ಲೈಡ್ (ಹಿಂದಕ್ಕೂ ಮುಂದಕ್ಕೂ ಜಾರುವ ಮೇಲ್ಭಾಗ), ಸವೆದ ಅಂಚುಗಳು. ಗ್ಲಾಕ್ ಮಾದರಿಯ, ಅನಿಲದ ಬಲದಿಂದ ಪ್ಲಾಸ್ಟಿಕ್ ಗುಂಡು ಹಾರಿಸಿ ಸ್ಲೈಡನ್ನೂ ಹಿಂದಕ್ಕೆ ತಳ್ಳುವ (ಗ್ಯಾಸ್ ಬ್ಲೋಬ್ಯಾಕ್) ಏರ್‌ಸಾಫ್ಟ್ ಪಿಸ್ತೂಲೊಂದನ್ನು ಒಳಗಿಟ್ಟು, ಅದರ ಮೇಲೆ ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚುಮಾಡಿದ ಹೊದಿಕೆಯನ್ನು ಕೂರಿಸಿ, ಬಣ್ಣ ಬಳಿದು ಈ ಆಕಾರಕ್ಕೆ ತರುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಕೆಲಸ. ಅದನ್ನು ತಯಾರಿಸುವ ವಿಧಾನವನ್ನು ನಾನು ಇಲ್ಲಿ ಹೇಳುತ್ತಿಲ್ಲ. ತಯಾರಿಸಿದ ಮೇಲೆ ಅದು ಹಟ ಹಿಡಿದಾಗ ಕಾರಣವನ್ನು ಎಲ್ಲಿ ಹುಡುಕಬೇಕೆಂಬುದಷ್ಟೇ ಈ ಬರಹದ ವಿಷಯ. ನನ್ನ ಕೆಲಸದ ಜಾಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹೊರವಲಯದ ಒಂದು ಗ್ಯಾರೇಜು. ಚಳಿಗಾಲದಲ್ಲಿ ಅಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತದೆ ಎಂಬ ಸಂಗತಿ ಮುಂದೆ ಒಂದು ದೋಷದ ವಿವರಣೆಗೆ ಬೇಕಾಗುವುದರಿಂದ ಇಲ್ಲಿಯೇ ಹೇಳಿಟ್ಟಿರುತ್ತೇನೆ.

ಐದಾರು ಬಂದೂಕುಗಳಿಗೆ ಹೀಗೆ ವೇಷ ಹಾಕಿದ ಮೇಲೆ ನನಗೆ ಖಚಿತವಾದದ್ದು ಒಂದೇ: ಕೆಟ್ಟಿರುವುದು ಬಂದೂಕಲ್ಲ, ನಾವು ಅದಕ್ಕೆ ಸೇರಿಸಿದ್ದು. ಆದ್ದರಿಂದ ಯಾವ ದೋಷ ಕಂಡರೂ ಮೊದಲು ಹೊದಿಕೆಯನ್ನು ಪೂರ್ತಿ ಬಿಚ್ಚಿ, ಬರಿಯ ಬಂದೂಕನ್ನು ಕೈಯಲ್ಲಿ ಹಿಡಿದು, ಅದೇ ದೋಷ ಈಗಲೂ ಇದೆಯೇ ಎಂದು ನೋಡಬೇಕು. ಇಲ್ಲವೆಂದಾದರೆ ಹೊದಿಕೆಯ ಒಂದೊಂದು ಭಾಗವನ್ನೇ ಮರಳಿ ಸೇರಿಸುತ್ತ, ಪ್ರತಿ ಸಲವೂ ಪರೀಕ್ಷಿಸುತ್ತ ಹೋದರೆ ದೋಷ ತಾನಾಗಿಯೇ ತನ್ನ ಜಾಗ ತೋರಿಸುತ್ತದೆ. ಬಣ್ಣ ಒಣಗಿ, ಸಂದುಗಳು ಮುಚ್ಚಿ, ನೋಡಲು ಚೆಂದವಾಗಿ ನಿಂತ ವಸ್ತುವನ್ನು ಬಿಚ್ಚಲು ಮನಸ್ಸು ಒಪ್ಪುವುದಿಲ್ಲ ಎಂಬುದು ನಿಜ. ನಾನೂ ಒಮ್ಮೆ ಬಿಚ್ಚದೆಯೇ ಎರಡು ವಾರ ಒದ್ದಾಡಿ, ಕೊನೆಗೆ ಬಿಚ್ಚಿ ಹತ್ತು ನಿಮಿಷದಲ್ಲಿ ಕಾರಣ ಕಂಡುಕೊಂಡವನು. ಈ ಕಾರಣಕ್ಕಾಗಿಯೇ ಹೊದಿಕೆಯನ್ನು ಅಂಟಿನಿಂದ ಕೂರಿಸದೆ ಸಣ್ಣ ಸ್ಕ್ರೂಗಳಿಂದ ಕೂರಿಸುವುದು ಲೇಸು.

ಬಿಚ್ಚುವ ಮುನ್ನ

ಹಿಡಿಕೆಯೊಳಗೆ ಕೂರುವ, ಗುಂಡು ಮತ್ತು ಅನಿಲ ತುಂಬುವ ಮ್ಯಾಗಜಿನ್ ಹೊರತೆಗೆದು, ಸ್ಲೈಡ್ ಹಿಂದಕ್ಕೆಳೆದು, ಬ್ಯಾರೆಲ್ಲಿನ ಬುಡದಲ್ಲಿ 6 ಮಿ.ಮೀ. ಗುಂಡು ಉಳಿದಿಲ್ಲವೆಂದು ಕಣ್ಣಾರೆ ಕಂಡ ಮೇಲಷ್ಟೇ ಸ್ಕ್ರೂಡ್ರೈವರ್ ಹಿಡಿಯಬೇಕು. ಅನಿಲ ಹಾಕಿ ಪರೀಕ್ಷಿಸುವಾಗ, ಮ್ಯಾಗಜಿನ್ನಿನಲ್ಲಿ ಗುಂಡುಗಳಿಲ್ಲದಿದ್ದರೂ, ರಕ್ಷಣಾ ಕನ್ನಡಕ ಕಣ್ಣಿನ ಮೇಲಿರಲೇಬೇಕು. ಮೂತಿಯ ಕಿತ್ತಳೆ ಬಣ್ಣದ ತುದಿಯನ್ನು ತೆಗೆಯಬಾರದು, ಮುಚ್ಚಬಾರದು. ಆಟಿಕೆ ಮತ್ತು ಅನುಕರಣೆಯ ಬಂದೂಕುಗಳಿಗೆ ಇಂಥ ಗುರುತಿರಬೇಕೆಂಬ ಫೆಡರಲ್ ಕಾನೂನು ಅಮೆರಿಕದಲ್ಲಿ 1988ರಿಂದ ಇದೆ. ರಾಜ್ಯ ಮತ್ತು ನಗರಗಳ ನಿಯಮಗಳು ಅದಕ್ಕಿಂತ ಬಿಗಿಯಾಗಿರಬಹುದು. ಗೇಮಿನ ಚಿತ್ರದಲ್ಲಿ ಕಿತ್ತಳೆ ತುದಿ ಇಲ್ಲವಲ್ಲ ಎಂದು ಕೊರಗುವವರು, ಪೊಲೀಸರ ಕಣ್ಣಿಗೆ ಗೇಮು ಕಾಣುವುದಿಲ್ಲ, ಪಿಸ್ತೂಲಷ್ಟೇ ಕಾಣುತ್ತದೆ ಎಂಬುದನ್ನು ನೆನೆಯಲಿ. ಇದನ್ನು ರಜೆಗೆ ಊರಿಗೆ ಹೊರಟಾಗ ಸೂಟ್‌ಕೇಸಿನಲ್ಲಿಟ್ಟು ಬೆಂಗಳೂರಿನಲ್ಲಿ ಇಳಿಯುವ ಯೋಚನೆಯನ್ನಂತೂ ಮಾಡಲೇಬಾರದು. ಕರ್ನಾಟಕದಲ್ಲಿದ್ದು ಇದೇ ಹವ್ಯಾಸ ಬೆಳೆಸಿಕೊಂಡವರು ಒಳಗೆ ಯಾವ ಯಂತ್ರವೂ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಮಾದರಿ ಮಾಡಿಕೊಳ್ಳುವುದು ಒಳ್ಳೆಯದು. ಅವರಿಗೆ ಈ ಬರಹದಲ್ಲಿ ಬಣ್ಣ ಮತ್ತು ದೀಪದ ಭಾಗಗಳು ಸಾಕು.

ಒಳಗೆ ನಡೆಯುವುದೇನು

ದೋಷ ಹುಡುಕಲು ಯಂತ್ರದ ನಡೆಯನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿಕೊಳ್ಳಬೇಕು. ಮ್ಯಾಗಜಿನ್ನಿನೊಳಗೆ ಅನಿಲ ದ್ರವರೂಪದಲ್ಲಿರುತ್ತದೆ. ಟ್ರಿಗರ್ ಒತ್ತಿದಾಗ ಸುತ್ತಿಗೆ ಬಿದ್ದು ಕವಾಟವನ್ನು ತೆರೆಯುತ್ತದೆ, ಹೊರಬಂದ ಅನಿಲ ರಬ್ಬರಿನ ಬಾಯಿಯ ಮೂಲಕ ಗುಂಡಿನ ಹಿಂದಿರುವ ಪುಟ್ಟ ನಳಿಗೆಗೆ (ನಾಜಲ್) ಹೋಗಿ ಮೊದಲು ಗುಂಡನ್ನು ತಳ್ಳುತ್ತದೆ, ಬಳಿಕ ಒಳಗಿನ ಪುಟ್ಟ ಕವಾಟ ಜಾಗ ಬದಲಿಸಿದಾಗ ಉಳಿದ ಅನಿಲ ಹಿಂದಕ್ಕೆ ತಿರುಗಿ ಸ್ಲೈಡನ್ನು ನೂಕುತ್ತದೆ. ಹಿಂದಕ್ಕೆ ಹೋಗುವ ಸ್ಲೈಡ್ ಸುತ್ತಿಗೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ರಿಕಾಯಿಲ್ ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳಿ ಮನೆ ಸೇರಿಸುತ್ತದೆ. ಇಷ್ಟೂ ಲೆಕ್ಕಾಚಾರ ನಡೆದಿರುವುದು ತಯಾರಕರು ಕೊಟ್ಟ ಸ್ಲೈಡಿನ ತೂಕಕ್ಕೆ. ನನ್ನ ಬಂದೂಕಿನ ಪ್ಲಾಸ್ಟಿಕ್ ಸ್ಲೈಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ 104 ಗ್ರಾಂ ಬಂತು, ಅದರ ಮೇಲೆ ಕೂರಿಸಿದ್ದ ಮೊದಲ ಹೊದಿಕೆ 81 ಗ್ರಾಂ ಇತ್ತು. ಒಂದು ಎತ್ತಿಗೆ ಕಟ್ಟಿದ ಗಾಡಿಗೆ ಹೆಚ್ಚುಕಡಿಮೆ ಇಮ್ಮಡಿ ಹೇರು ಹೇರಿ, ಮೊದಲಿನಂತೆಯೇ ಓಡಲೆಂದು ನಿರೀಕ್ಷಿಸಿದ ಹಾಗಾಯಿತು.

ಸ್ಲೈಡ್ ಪೂರ್ತಿ ಮುಂದಕ್ಕೆ ಬಾರದಿದ್ದರೆ

ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ಇದೇ. ಸ್ಲೈಡ್ ಹಿಂದಕ್ಕೆ ಹೋಗುತ್ತದೆ, ಮರಳುವಾಗ ಮೂರ್ನಾಲ್ಕು ಮಿಲಿಮೀಟರ್ ಬಾಕಿ ಇರುವಂತೆಯೇ ನಿಂತುಬಿಡುತ್ತದೆ, ಹೆಬ್ಬೆರಳಿನಿಂದ ತಳ್ಳಿದರೆ ಮಾತ್ರ ಮನೆ ಸೇರುತ್ತದೆ. ಹೆಚ್ಚಿನವರು ಕೂಡಲೇ ಗಟ್ಟಿ ಸ್ಪ್ರಿಂಗು ತರಿಸುತ್ತಾರೆ. ಅದು ಅವಸರ. ಗಟ್ಟಿ ಸ್ಪ್ರಿಂಗು ಉಜ್ಜಾಟವನ್ನು ನಿವಾರಿಸುವುದಿಲ್ಲ, ಅಡಗಿಸುತ್ತದೆ; ಜೊತೆಗೆ ಸ್ಲೈಡ್ ಹಿಂದಕ್ಕೆ ಹೋಗುವುದನ್ನೂ ಕಷ್ಟಮಾಡಿ, ಒಂದು ದೋಷದ ಜಾಗದಲ್ಲಿ ಎರಡನ್ನು ತಂದಿಡುತ್ತದೆ.

ಮಾಡಬೇಕಾದ ಪರೀಕ್ಷೆ ಸರಳ. ರಿಕಾಯಿಲ್ ಸ್ಪ್ರಿಂಗನ್ನು ಹೊರತೆಗೆದು, ಹೊದಿಕೆ ಸಮೇತ ಸ್ಲೈಡನ್ನು ಚೌಕಟ್ಟಿನ (ಹಿಡಿಕೆಯಿರುವ ಕೆಳಭಾಗ) ಮೇಲೆ ಏರಿಸಿ, ಬಂದೂಕಿನ ಮೂತಿಯನ್ನು ನಿಧಾನವಾಗಿ ಕೆಳಗೆ ಬಾಗಿಸಬೇಕು. ಎಲ್ಲೂ ತಡೆಯಿಲ್ಲದಿದ್ದರೆ ಸ್ಲೈಡ್ ತನ್ನ ಭಾರಕ್ಕೆ ತಾನೇ ಜಾರುತ್ತದೆ. ನಡುವೆ ಎಲ್ಲಾದರೂ ತಡೆದು ನಿಂತರೆ, ನಿಂತ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿ. ಅದೇ ಪರೀಕ್ಷೆಯನ್ನು ಹೊದಿಕೆ ಇಲ್ಲದೆ ಮಾಡಿ. ಬರಿಯ ಸ್ಲೈಡ್ ಸರಾಗವಾಗಿ ಜಾರಿ, ಹೊದಿಕೆಯ ಸ್ಲೈಡ್ ನಿಂತರೆ, ಸ್ಪ್ರಿಂಗು ನಿರಪರಾಧಿ.

ಎಲ್ಲಿ ಉಜ್ಜುತ್ತಿದೆ ಎಂದು ತಿಳಿಯಲು ಯಂತ್ರಾಗಾರಗಳಲ್ಲಿ ನೀಲಿ ಬಣ್ಣ ಸವರಿ ನೋಡುವ ಹಳೆಯ ಉಪಾಯವಿದೆ. ಒಂದು ಮೇಲ್ಮೈಗೆ ತೆಳುವಾಗಿ ಬಣ್ಣ ಹಚ್ಚಿ, ಭಾಗಗಳನ್ನು ಒಂದೆರಡು ಸಲ ಆಡಿಸಿದರೆ, ಮುಟ್ಟುವ ಜಾಗದಲ್ಲಿ ಬಣ್ಣ ಅಳಿಸಿ ಎದುರು ಮೇಲ್ಮೈಗೆ ಅಂಟುತ್ತದೆ. ನನ್ನ ಬಳಿ ನೀಲಿ ಇರಲಿಲ್ಲವಾಗಿ, ದೇವರ ಮನೆಯ ಕುಂಕುಮವನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಗುರುತೇನೋ ಸೊಗಸಾಗಿಯೇ ಮೂಡಿತು. ಆದರೆ ಆ ಕೆಂಪು, ಬೂದು ಬಣ್ಣದ ಪ್ರೈಮರಿನೊಳಕ್ಕೆ (ಬಣ್ಣಕ್ಕೆ ಮೊದಲು ಬಳಿಯುವ ಪದರ) ಇಳಿದು, ಎಷ್ಟು ಒರೆಸಿದರೂ ಹೋಗದೆ, ಆ ಭಾಗವನ್ನು ಮತ್ತೆ ಉಜ್ಜಿ ಬಳಿಯಬೇಕಾಯಿತು. ಅಂದಿನಿಂದ ವೈಟ್‌ಬೋರ್ಡ್ ಮಾರ್ಕರ್ ಬಳಸುತ್ತೇನೆ, ಒಣಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಗುರುತು ಸಾಮಾನ್ಯವಾಗಿ ಮೂಡುವ ಜಾಗಗಳು ಮೂರು. ಮೊದಲನೆಯದು ಹೊದಿಕೆಯ ಕೆಳ ಅಂಚು. ಅಚ್ಚಿನ ಮೊದಲ ಪದರ ಪ್ರಿಂಟರಿನ ಬಿಸಿ ತಟ್ಟೆಯ ಮೇಲೆ ಒತ್ತಿಕೊಂಡು ಹೊರಕ್ಕೆ ಹರಡಿ, ಅಂಚಿನಲ್ಲಿ ಕೂದಲೆಳೆಯಷ್ಟು ತುಟಿ ಎದ್ದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರು ಓಡಿಸಿದರೆ ತಿಳಿಯುತ್ತದೆ. ಚಪ್ಪಟೆ ಅರದಿಂದ ಎರಡು ಸಲ ಎಳೆದರೆ ಸಾಕು. ಎರಡನೆಯದು ಸ್ಕ್ರೂವಿನ ತುದಿ. ಹೊದಿಕೆಯನ್ನು ಹಿಡಿದಿಡುವ ಸ್ಕ್ರೂ ಅರ್ಧ ಮಿಲಿಮೀಟರ್ ಉದ್ದವಾದರೂ ಸ್ಲೈಡಿನ ಒಳಗೋಡೆಯನ್ನು ದಾಟಿ ಒಳಗಿನ ಭಾಗಗಳಿಗೆ ತಗಲುತ್ತದೆ. ಸ್ಲೈಡ್ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಬಗೆಯ ಸದ್ದಿನೊಂದಿಗೆ ನಿಂತರೆ ಮೊದಲು ಸಂಶಯಪಡಬೇಕಾದದ್ದು ಸ್ಕ್ರೂವನ್ನೇ.

ಮೂರನೆಯದು ಬಣ್ಣ, ಇದು ತುಸು ಮೋಸದ್ದು. ಬಣ್ಣ ಬಳಿಯುವ ಮೊದಲು ಚೆನ್ನಾಗಿ ಆಡುತ್ತಿದ್ದ ಸ್ಲೈಡ್ ಬಳಿದ ಮೇಲೆ ಬಿಗಿಯಾಗಲು ಕಾರಣ, ಪ್ರೈಮರ್, ಬಣ್ಣ, ಮೇಲಿನ ವಾರ್ನಿಷ್ ಮೂರೂ ಸೇರಿ ಒಂದು ಮುಖದ ಮೇಲೆ ಸುಮಾರು 0.1 ಮಿ.ಮೀ. ದಪ್ಪ ಕೂರುವುದು. ಎದುರುಬದುರಿನ ಎರಡು ಮುಖ ಸೇರಿದರೆ 0.2 ಮಿ.ಮೀ., ಎರಡೂ ಪಕ್ಕ ಸೇರಿದರೆ 0.4 ಮಿ.ಮೀ. ಆಯಿತು. ನಾನು ಹೊದಿಕೆಯ ಚಿತ್ರ ಬರೆಯುವಾಗ ಪಕ್ಕಕ್ಕೆ 0.2 ಮಿ.ಮೀ. ಸಂದು ಬಿಟ್ಟಿದ್ದೆ. ಲೆಕ್ಕ ಅಲ್ಲಿಗೆ ಮುಗಿಯಿತು. ಈಗ ಪಕ್ಕಕ್ಕೆ ಅರ್ಧ ಮಿಲಿಮೀಟರ್ ಬಿಡುತ್ತೇನೆ, ಜಾರುವ ಮುಖಗಳಿಗೆ ಕಾಗದದ ಟೇಪು ಅಂಟಿಸಿ ಬಣ್ಣ ತಾಗದಂತೆ ನೋಡಿಕೊಳ್ಳುತ್ತೇನೆ. ಈಗಾಗಲೇ ಬಳಿದಾಗಿದ್ದರೆ 400ರ ಉಪ್ಪುಕಾಗದವನ್ನು ಒಂದು ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ, ಜಾರುವ ಮುಖಗಳನ್ನಷ್ಟೇ ಉಜ್ಜಬೇಕು.

ನೆನ್ನೆಯವರೆಗೆ ಸರಿಯಿದ್ದ ಸ್ಲೈಡ್ ಇಂದು ಹಿಡಿಯುತ್ತಿದೆ, ಬಣ್ಣವಾಗಲಿ ಸ್ಕ್ರೂವಾಗಲಿ ಬದಲಾಗಿಲ್ಲ ಎಂದರೆ, ಬಂದೂಕು ನಡುವೆ ಕಾರಿನಲ್ಲಿ ಇತ್ತೇ ಎಂದು ನೆನಪಿಸಿಕೊಳ್ಳಿ. ಪಿಎಲ್‌ಎ ಎಂಬ, ತ್ರೀಡಿ ಅಚ್ಚಿಗೆ ಬಳಸುವ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ, ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಅಷ್ಟು ಕಾಯಬಲ್ಲದು. ಹೊದಿಕೆಯನ್ನು ಗಾಜಿನ ಮೇಲೆ ಬೋರಲು ಇಟ್ಟು, ಮೂಲೆ ಒತ್ತಿದಾಗ ಟಕಟಕ ಎಂದು ಅಲುಗಿದರೆ ಅದು ಸೊಟ್ಟಗಾಗಿದೆ ಎಂದೇ ಅರ್ಥ. ಬಿಸಿಗಾಳಿಯಿಂದ ನೆಟ್ಟಗೆ ಮಾಡಲು ಹೋಗಿ ನಾನು ಎರಡು ಹೊದಿಕೆ ಕಳೆದುಕೊಂಡೆ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಹೊಸದನ್ನೇ ಅಚ್ಚುಮಾಡುವುದು ಮೇಲು, ಅದು ಸುಮಾರು 80 ಡಿಗ್ರಿಯವರೆಗೆ ತಾಳುತ್ತದೆ.

ಚಳಿಯಲ್ಲಿ ಮಾತ್ರ ಸೋಲುವ ಸ್ಲೈಡ್

ಸ್ಲೈಡ್ ಅರ್ಧಕ್ಕೆ ಹೋಗಿ ಮರಳುತ್ತದೆ, ಸುತ್ತಿಗೆ ಏಳುವುದಿಲ್ಲ, ಎರಡನೆಯ ಸಲ ಟ್ರಿಗರ್ ಒತ್ತಿದರೆ ಏನೂ ನಡೆಯುವುದಿಲ್ಲ. ಇದು ಉಜ್ಜಾಟವೋ ಬಲದ ಕೊರತೆಯೋ ಎಂದು ಬೇರ್ಪಡಿಸಲು ಮೇಲಿನ ಬಾಗಿಸುವ ಪರೀಕ್ಷೆಯೇ ಸಾಕು. ಅದರಲ್ಲಿ ತೇರ್ಗಡೆಯಾದ ಬಂದೂಕು ಹೀಗೆ ಮಾಡಿದರೆ ಒತ್ತಡ ಸಾಲುತ್ತಿಲ್ಲ. ಗ್ರೀನ್ ಗ್ಯಾಸ್ ಎಂದು ಮಾರುವುದು ಬಹುತೇಕ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್. 20 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ ವಾತಾವರಣದ ಒತ್ತಡದ ಎಂಟು ಪಟ್ಟಿಗೂ ಹೆಚ್ಚು, ಸೊನ್ನೆ ಡಿಗ್ರಿಯಲ್ಲಿ ಐದು ಪಟ್ಟಿಗಿಂತ ಕಡಿಮೆ. ಸಾಲದ್ದಕ್ಕೆ, ದ್ರವ ಆವಿಯಾಗುವಾಗ ಮ್ಯಾಗಜಿನ್ನಿನ ಶಾಖವನ್ನೇ ಹೀರುವುದರಿಂದ ಒಂದಾದ ಮೇಲೊಂದು ಹೊಡೆದಷ್ಟೂ ಅದು ಇನ್ನಷ್ಟು ತಣ್ಣಗಾಗುತ್ತದೆ. ಜನವರಿಯಲ್ಲಿ ಗ್ಯಾರೇಜಿನ ಕಪಾಟಿನಿಂದ ನೇರವಾಗಿ ತೆಗೆದ ಮ್ಯಾಗಜಿನ್ನಿನಿಂದ ಇಮ್ಮಡಿ ತೂಕದ ಸ್ಲೈಡನ್ನು ಆಡಿಸಲು ಹೊರಟಿದ್ದೆ ನಾನು.

ಖಚಿತಪಡಿಸಿಕೊಳ್ಳಲು ಮ್ಯಾಗಜಿನ್ನನ್ನು ಅಂಗಿಯ ಒಳಜೇಬಿನಲ್ಲಿ ಹದಿನೈದು ನಿಮಿಷ ಇಟ್ಟು, ಮೈಶಾಖಕ್ಕೆ ಬೆಚ್ಚಗಾದ ಮೇಲೆ ಮತ್ತೆ ಪರೀಕ್ಷಿಸಿ. ಒಲೆ, ಹೀಟರು, ಬಿಸಿಗಾಳಿಯ ಗನ್ನು ಇವುಗಳ ಬಳಿಗೆ ಒಯ್ಯಬಾರದು. ಒಳಗಿರುವುದು ಉರಿಯುವ ಅನಿಲ. ಬೆಚ್ಚಗಿದ್ದಾಗ ಕೆಲಸ ಮಾಡಿದರೆ ರೋಗ ತಿಳಿಯಿತು. ಮದ್ದು ಹೆಚ್ಚು ಒತ್ತಡದ ಅನಿಲವಲ್ಲ. ಜಪಾನಿನ ವಿನ್ಯಾಸದ ಅನೇಕ ಬಂದೂಕುಗಳು ಕಾರಿನ ಎಸಿಯಲ್ಲಿ ಬಳಸುವ 134ಎ ಅನಿಲಕ್ಕೆಂದು ಮಾಡಿದವು. ಅದರ ಒತ್ತಡ 20 ಡಿಗ್ರಿಯಲ್ಲಿ ಆರು ಪಟ್ಟನ್ನೂ ಮುಟ್ಟುವುದಿಲ್ಲ. ಅಂಥ ಪ್ಲಾಸ್ಟಿಕ್ ಸ್ಲೈಡ್, ಭಾರದ ಹೊದಿಕೆ, ಜೋರಾದ ಅನಿಲ ಮೂರೂ ಸೇರಿದರೆ ಸ್ಲೈಡಿನ ಮುಂಭಾಗ ಬಿರುಕು ಬಿಡುತ್ತದೆ. ತೂಕ ಇಳಿಸುವುದೇ ದಾರಿ. ಹೊದಿಕೆಯ ಗೋಡೆಯನ್ನು 3 ಮಿ.ಮೀ.ನಿಂದ 1.2 ಮಿ.ಮೀ.ಗೆ ತಂದು, ಸ್ಲೈಡಿನ ಜೊತೆಗೆ ಚಲಿಸುವ ಅಗತ್ಯವಿಲ್ಲದ ಭಾಗಗಳನ್ನು ಚೌಕಟ್ಟಿಗೆ ವರ್ಗಾಯಿಸಿದ ಮೇಲೆ ನನ್ನ ಎರಡನೆಯ ಹೊದಿಕೆ 38 ಗ್ರಾಂಗೆ ಇಳಿಯಿತು.

ಟ್ರಿಗರ್ ಒತ್ತಿದಲ್ಲೇ ಉಳಿದರೆ

ಹಿಡಿಕೆಯ ಹೊದಿಕೆಯ ಸ್ಕ್ರೂಗಳನ್ನು ಪೂರ್ತಿ ಬಿಗಿದ ಮೇಲೆಯೇ ಈ ದೋಷ ಕಾಣಿಸಿಕೊಂಡರೆ ಬೇರೆಡೆ ಹುಡುಕಬೇಕಿಲ್ಲ. ಟ್ರಿಗರನ್ನು ಸುತ್ತಿಗೆಯ ಕಡೆಗೆ ಜೋಡಿಸುವ ತೆಳು ತಗಡಿನ ಪಟ್ಟಿ ಹಲವು ಮಾದರಿಗಳಲ್ಲಿ ಚೌಕಟ್ಟಿನ ಪಕ್ಕಕ್ಕೆ ಒತ್ತಿಕೊಂಡಂತೆ ಓಡಾಡುತ್ತದೆ. ಹೊದಿಕೆ ಚೌಕಟ್ಟನ್ನು ಒಳಕ್ಕೆ ಅಮುಕಿದರೆ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಒಂದು ಕೈಯಲ್ಲಿ ಟ್ರಿಗರನ್ನು ಮೆಲ್ಲನೆ ಒತ್ತಿ ಬಿಡುತ್ತ, ಇನ್ನೊಂದು ಕೈಯಲ್ಲಿ ಸ್ಕ್ರೂವನ್ನು ಕಾಲು ಸುತ್ತಿನಂತೆ ಸಡಿಲಿಸುತ್ತ ಹೋಗಿ. ಯಾವುದೋ ಒಂದು ಕಾಲು ಸುತ್ತಿನಲ್ಲಿ ಟ್ರಿಗರ್ ಟಕ್ಕೆಂದು ಮುಂದಕ್ಕೆ ಚಿಮ್ಮುತ್ತದೆ. ಆ ಸ್ಕ್ರೂವಿನ ಹಿಂದಿರುವ ಜಾಗದಲ್ಲೇ ಹೊದಿಕೆಯ ಒಳಮೈಯನ್ನು ಕೊರೆದು ತಗ್ಗು ಮಾಡಬೇಕು. ಸ್ಕ್ರೂವನ್ನು ಸಡಿಲವಾಗಿಯೇ ಬಿಟ್ಟು ಸುಮ್ಮನಾಗಬೇಡಿ, ನಾಲ್ಕು ದಿನದಲ್ಲಿ ಅದು ಎಲ್ಲೋ ಉದುರಿಹೋಗುತ್ತದೆ.

ಅನಿಲ ಸೋರಿದರೆ

ವೇಷ ಹಾಕಿದ ಮೇಲೆ ಮ್ಯಾಗಜಿನ್ ಸೋರತೊಡಗಿದರೆ, ಕೆಲಸದ ನಡುವೆ ಅದರ ಮೇಲೆ ಏನು ಬಿತ್ತೆಂದು ಯೋಚಿಸಿ. ಥಿನ್ನರ್, ಅಸಿಟೋನ್ ಮತ್ತು ಪೆಟ್ರೋಲಿಯಂ ಮೂಲದ ಎಣ್ಣೆಗಳು ರಬ್ಬರಿನ ಓ-ರಿಂಗುಗಳನ್ನು ಉಬ್ಬಿಸಿ ಕೆಡಿಸಬಲ್ಲವು. ಸಾಬೂನು ನೀರನ್ನು ಬ್ರಷ್ಷಿನಿಂದ ಸವರಿದರೆ ಗುಳ್ಳೆ ಎಲ್ಲಿ ಏಳುತ್ತದೆ ಎಂಬುದರ ಮೇಲೆ ಕಾರಣ ತಿಳಿಯುತ್ತದೆ: ಕವಾಟದ ಸುತ್ತ ಎದ್ದರೆ ಒಂದೆರಡು ಹನಿ ಸಿಲಿಕೋನ್ ಎಣ್ಣೆಗೆ ಸರಿಹೋಗಬಹುದು, ತಳದ ಮುಚ್ಚಳದ ಸುತ್ತ ಎದ್ದರೆ ರಬ್ಬರನ್ನೇ ಬದಲಿಸಬೇಕು. ಅನಿಲವನ್ನೆಲ್ಲ ಹೊರಬಿಟ್ಟ ಮೇಲಷ್ಟೇ ಬಿಚ್ಚುವುದು.

ಬಣ್ಣ ಹಿಡಿಯದಿದ್ದರೆ

ಬಂದೂಕಿಗೆ ಅನ್ನವಾದ ಸಿಲಿಕೋನ್ ಎಣ್ಣೆ ಬಣ್ಣಕ್ಕೆ ವಿಷ. ಪ್ರತಿ ಸಲ ಅನಿಲ ಹೊರಬಂದಾಗಲೂ ಅದರ ಜೊತೆಗೆ ಎಣ್ಣೆಯ ಸೂಕ್ಷ್ಮ ಹನಿಗಳು ಹಾರಿ ಸ್ಲೈಡಿನ ಮೇಲೂ ಕೈಗಳ ಮೇಲೂ ಕೂರುತ್ತವೆ. ಅದರ ಮೇಲೆ ಸ್ಪ್ರೇ ಮಾಡಿದ ಬಣ್ಣ ಅಲ್ಲಲ್ಲಿ ಹಿಂದೆ ಸರಿದು, ಕಾದ ತವೆಯ ಮೇಲೆ ನೀರು ಚಿಮುಕಿಸಿದಂತೆ ದುಂಡು ದುಂಡಾದ ಕುಳಿಗಳಾಗುತ್ತವೆ. ಹೀಗೆ ಕುಳಿ ಬಿದ್ದ ಬಣ್ಣದ ಮೇಲೆ ಮತ್ತೊಂದು ಪದರ ಬಳಿದು ಮುಚ್ಚಲು ಸಾಧ್ಯವಿಲ್ಲ, ಕೆಳಗಿನವರೆಗೂ ತೆಗೆದು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು, ಒಣಗಿಸಿ, 91 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಳಿಕ ಬರಿಗೈಯಲ್ಲಿ ಮುಟ್ಟದೆ ಪ್ರೈಮರ್ ಹಾಕಬೇಕು. ಅನಿಲದ ಪರೀಕ್ಷೆಯನ್ನೂ ಬಣ್ಣವನ್ನೂ ಒಂದೇ ಮೇಜಿನ ಮೇಲೆ, ಒಂದೇ ದಿನ ಮಾಡದಿರುವುದು ಇನ್ನೂ ಒಳ್ಳೆಯದು.

ಕುಳಿ ಇಲ್ಲದೆ ಬಣ್ಣ ಹಾಳೆಯಂತೆ ಏಳುತ್ತಿದ್ದರೆ ಕಾರಣ ಬೇರೆ: ಮೇಲ್ಮೈ ನುಣುಪಾಗಿತ್ತು. ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪು ಅಂಟಿಸಿ ಸರ್ರನೆ ಎಳೆದು ನೋಡಿ. ಟೇಪಿಗೆ ಬಣ್ಣದ ಜೊತೆ ಪ್ರೈಮರೂ ಬಂದರೆ ತಪ್ಪು ಪ್ಲಾಸ್ಟಿಕ್ಕಿನ ತಯಾರಿಯಲ್ಲಿದೆ. ಪ್ರೈಮರ್ ಉಳಿದು ಬಣ್ಣವಷ್ಟೇ ಬಂದರೆ ಒಂದು ಪದರಕ್ಕೂ ಮುಂದಿನದಕ್ಕೂ ನಡುವೆ ಬಿಟ್ಟ ಸಮಯದಲ್ಲಿದೆ. ಬಣ್ಣ ಸುಕ್ಕುಗಟ್ಟಿದ್ದರೆ, ಪೂರ್ತಿ ಒಣಗದ ಎನಾಮೆಲ್ ಮೇಲೆ ಲ್ಯಾಕರ್ ಹಾಕಿರುವಿರಿ. ಲ್ಯಾಕರಿನ ದ್ರಾವಕ ಕೆಳಗಿನ ಪದರವನ್ನು ಎಬ್ಬಿಸುತ್ತದೆ. ಸವೆದ ಅಂಚಿನ ನೋಟಕ್ಕೆ ಪೆನ್ಸಿಲಿನ ಗ್ರಾಫೈಟ್ ಪುಡಿಯನ್ನು ಬೆರಳಿನಿಂದ ತಿಕ್ಕುವುದು ಚೆನ್ನಾದ ಉಪಾಯ, ಆದರೆ ಅದನ್ನು ವಾರ್ನಿಷ್ಷಿನ ಮೇಲೆ ಮಾಡಿದರೆ ಹಿಡಿದವರ ಕೈಯೆಲ್ಲ ಕಪ್ಪಾಗುತ್ತದೆ. ವಾರ್ನಿಷ್ಷಿನ ಕೆಳಗೆ ಮಾಡಬೇಕು.

ಹೊಳೆಯುವ ಸೈಟು ಮಿನುಗಿದರೆ

ಗೇಮಿನಲ್ಲಿ ಈ ಪಿಸ್ತೂಲಿಗೆ ಹೊಳೆಯುವ ಸೈಟು (ಗುರಿ ಹಿಡಿಯಲು ಮೇಲಿರುವ ಗುರುತು) ಜೋಡಿಸಬಹುದಾದ್ದರಿಂದ ಅನೇಕರು ಒಂದು ಎಲ್‌ಇಡಿ ಇಡುತ್ತಾರೆ. ಹಸಿರು ಎಲ್‌ಇಡಿ ಅರ್ಧ ಗಂಟೆಯಲ್ಲಿ ಮಂಕಾಗಿ, ಅದೇ ಬ್ಯಾಟರಿಗೆ ಕೆಂಪು ಎಲ್‌ಇಡಿ ಚೆನ್ನಾಗಿ ಉರಿದರೆ ಬೆಸುಗೆಯನ್ನು ಬೈಯಬೇಡಿ. ಈಗಿನ ಹಸಿರು ಎಲ್‌ಇಡಿಗಳಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ವೋಲ್ಟ್ ಸಾಕು. ಸಿಆರ್ 2032 ನಾಣ್ಯ ಬ್ಯಾಟರಿ ಹೊಸದಿದ್ದಾಗಲೇ 3 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಸ್ಲೈಡ್ ಆಡಿದಾಗ ಮಾತ್ರ ದೀಪ ಆರಿ ಹತ್ತಿದರೆ ಬ್ಯಾಟರಿ ಹಿಡಿಯುವ ತಗಡು ಸಡಿಲವಾಗಿದೆ, ಇಲ್ಲವೇ ತಂತಿ ಬಾಗುವ ಜಾಗದಲ್ಲಿ ಒಳಗೊಳಗೇ ತುಂಡಾಗಿದೆ. ಮಲ್ಟಿಮೀಟರನ್ನು ಸದ್ದಿನ ಸ್ಥಾನಕ್ಕಿಟ್ಟು, ತಂತಿಯನ್ನು ಬೆರಳಿನಲ್ಲಿ ಬಾಗಿಸುತ್ತ ಹೋದರೆ ಸದ್ದು ತಪ್ಪುವ ಜಾಗವೇ ತುಂಡಾದ ಜಾಗ. ಚಲಿಸುವ ಸ್ಲೈಡಿಗೂ ನಿಂತ ಚೌಕಟ್ಟಿಗೂ ನಡುವೆ ತಂತಿ ಎಳೆಯದೆ, ಬ್ಯಾಟರಿ, ಗುಂಡಿ, ದೀಪ ಮೂರನ್ನೂ ಸ್ಲೈಡಿನಲ್ಲೇ ಇಟ್ಟರೆ ಈ ತಾಪತ್ರಯವೇ ಇಲ್ಲ. ಮೂರು ಗ್ರಾಂ ತೂಕ ಹೆಚ್ಚುತ್ತದೆ, ಅಷ್ಟೇ.

ಪ್ರದರ್ಶನಕ್ಕೆ ಒಯ್ಯುವ ಬಂದೂಕು

ಗೇಮಿನ ಪಾತ್ರಗಳ ವೇಷ ಧರಿಸಿದವರು ಸೇರುವ ಸಮಾವೇಶಗಳಲ್ಲಿ ಬಾಗಿಲಲ್ಲೇ ಆಯುಧಗಳ ತಪಾಸಣೆಯ ಮೇಜು ಇರುತ್ತದೆ, ಗುಂಡು ಹಾರಿಸಬಲ್ಲ ಯಾವುದನ್ನೂ ಸಾಮಾನ್ಯವಾಗಿ ಒಳಬಿಡುವುದಿಲ್ಲ. ಅಲ್ಲಿಗೆಂದೇ ಮಾಡುವ ಬಂದೂಕಿನಿಂದ ನಾಜಲ್ಲನ್ನೂ ಸುತ್ತಿಗೆಯನ್ನೂ ತೆಗೆದಿಟ್ಟು, ಮ್ಯಾಗಜಿನ್ನಿನ ಕವಾಟವನ್ನು ಬಿಚ್ಚಿದರೆ, ಮೇಲೆ ಹೇಳಿದ ದೋಷಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ. ಅಲ್ಲಿ ಎದುರಾಗುವುದು ಬೇರೆಯೇ ಒಂದು ಸಣ್ಣ ದೋಷ: ತಪಾಸಣೆ ಮಾಡಿದವರು ಗುರುತಿಗೆಂದು ಟ್ರಿಗರ್ ಕಾವಲಿನ ಸುತ್ತ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ದಿನವಿಡೀ ಉಜ್ಜಿ, ಸಂಜೆ ಕತ್ತರಿಸಿ ತೆಗೆಯುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಆ ಜಾಗದಲ್ಲಿ ಮೊದಲೇ ಪಾರದರ್ಶಕ ಟೇಪನ್ನು ಎರಡು ಸುತ್ತು ಸುತ್ತಿಟ್ಟು, ಪಟ್ಟಿಯನ್ನು ಅದರ ಮೇಲೆಯೇ ಕಟ್ಟಿರೆಂದು ಕೇಳಿಕೊಂಡರೆ ಅವರು ಇಲ್ಲವೆನ್ನುವುದಿಲ್ಲ.